ನಗರದ ಗುತ್ತಿಗೆ ಕೆಲಸಗಳು: ಕಲಬುರಗಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಓಣಿಯ ಸಿಸಿ ರಸ್ತೆ ವರ್ಷ ತುಂಬುವ ಮೊದಲೇ ಪುಡಿ ಏಳತೊಡಗಿತು. ಅವತ್ತಿಂದ ನಾನು ಈ ವಿಷಯದ ಬೆನ್ನು ಹತ್ತಿದೆ. ಆಗ ನನಗೆ ಟೆಂಡರ್ ಅನ್ನುವ ಪದ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅರ್ಜಿ ಹಾಕಿದೆ, ಕಡತ ಓದಿದೆ, ಎಂಜಿನಿಯರ್‌ಗಳನ್ನು ಕೇಳಿದೆ, ಗುತ್ತಿಗೆದಾರರ ಜೊತೆ ಕೂತು ಚಹಾ ಕುಡಿದೂ ಕೇಳಿದೆ. ಈಗ ಅಕ್ಕಪಕ್ಕದ ಬಡಾವಣೆಯವರು ನನ್ನನ್ನು ಕೇಳುತ್ತಾರೆ. ಹೆಚ್ಚು ಕಡಿಮೆ ಎಲ್ಲರದೂ ಒಂದೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಬೀದರ್, ಯಾದಗಿರಿಯವರಿಗೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಪಾಲಿಕೆ ಯಾವ ಯಾವ ಕೆಲಸ ಹೊರಗಿನವರಿಗೆ ಕೊಡುತ್ತದೆ?

ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ರಸ್ತೆ, ಚರಂಡಿ, ಕಟ್ಟಡದಂಥ ಕಾಮಗಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಜೊತೆ ಸಾಮಾನು ಖರೀದಿ ಇದೆ: ಬ್ಲೀಚಿಂಗ್ ಪೌಡರ್, ಬೀದಿದೀಪದ ಬಲ್ಬು, ಪಂಪಿನ ಬಿಡಿಭಾಗ. ಆಮೇಲೆ ಸೇವೆ: ಕಸದ ಗಾಡಿಯ ಚಾಲಕರು, ಲೋಡರ್‌ಗಳು, ಕಂಪ್ಯೂಟರ್ ಆಪರೇಟರ್‌ಗಳು, ಬಾಡಿಗೆ ವಾಹನ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್.

ಇನ್ನೊಂದು ಬಗೆ ಉಲ್ಟಾ ಇರುತ್ತದೆ. ಅಲ್ಲಿ ಗುತ್ತಿಗೆದಾರನೇ ಪಾಲಿಕೆಗೆ ದುಡ್ಡು ಕಟ್ಟಬೇಕು. ಮಳಿಗೆ ಬಾಡಿಗೆ, ವಾಹನ ನಿಲುಗಡೆ, ನಮ್ಮ ಕಡೆ ಹಿರಿಯರು ಇನ್ನೂ ತೈಬಜಾರ್ ಅನ್ನುವ ಸಂತೆ ಸುಂಕ, ಇವೆಲ್ಲಾ ಹರಾಜಿನಲ್ಲಿ ಹೋಗುತ್ತವೆ. ಇಂಥಲ್ಲಿ ಜಾಸ್ತಿ ಕೂಗಿದವರಿಗೆ ಗುತ್ತಿಗೆ. ಖರ್ಚಿನ ಗುತ್ತಿಗೆಯಲ್ಲಿ ಕಡಿಮೆ ಕೇಳಿದವರಿಗೆ.

ನಮ್ಮ ಮನೆ ಮುಂದೆ ಅಗೆಯುತ್ತಿರುವವರು ಪಾಲಿಕೆಯ ಗುತ್ತಿಗೆದಾರರೇ ಅಲ್ವಾ?

ಹಾಗೇನೂ ಇಲ್ಲ. ಮೊದಲು ಪತ್ತೆ ಮಾಡಬೇಕಾದ್ದೇ ಇದು. ಇಲ್ಲಿ ಎಡವಿದರೆ ಆರು ತಿಂಗಳು ತಪ್ಪು ಕಚೇರಿಗೆ ಅಲೆಯುತ್ತೀರಿ. ನಾನು ಅಲೆದಿದ್ದೇನೆ.

ಕಲಬುರಗಿಯಲ್ಲಿ ಒಂದೇ ರಸ್ತೆಯ ಮೇಲೆ ನಾಲ್ಕೈದು ಕಚೇರಿಗಳ ಕೆಲಸ ನಡೆಯಬಹುದು. ಓಣಿಯ ರಸ್ತೆ ಮತ್ತು ಚರಂಡಿ ಸಾಮಾನ್ಯವಾಗಿ ಪಾಲಿಕೆಯದು. ಊರಿನೊಳಗೆ ಹಾದು ಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ ಆಗಿರಬಹುದು. ಎಷ್ಟೋ ಕಾಮಗಾರಿಗೆ ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬರುತ್ತದೆ, ಮಾಡಿಸುವವರು ಬೇರೆ ಯಾರೋ ಇರುತ್ತಾರೆ. ಕಂಬ, ತಂತಿ ವಿದ್ಯುತ್ ಕಂಪನಿ ಜೆಸ್ಕಾಂನದು. ಆ ಕಂಬದ ಮೇಲಿನ ಬೀದಿದೀಪ ಪಾಲಿಕೆಯದು.

ನೀರಿನ ಕಥೆ ಇನ್ನೂ ಬೇರೆ. ಭೀಮಾ ನದಿಯ ಸರಡಗಿ ಮತ್ತು ಬೆಣ್ಣೆತೊರಾದಿಂದ ಊರಿಗೆ ನೀರು ಬರುತ್ತದೆ. 2004ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 24 ತಾಸು ನೀರಿನ ಪ್ರಯೋಗ ಮಂಜೂರಾಯಿತು. ಅದನ್ನು ನಡೆಸಿದ್ದು ಖಾಸಗಿ ಕಂಪನಿ. ಅದಕ್ಕೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಕೆಲಸದ ಫಲಿತಾಂಶಕ್ಕೆ ಕಟ್ಟಿಹಾಕಿದ್ದರು. ಪೈಪು ಹಾಕಿದ್ದಕ್ಕೆ ದುಡ್ಡು ಕೊಡುವುದು ಬೇರೆ, ನಲ್ಲಿಯಲ್ಲಿ ನೀರು ಬಂದಿದ್ದಕ್ಕೆ ಕೊಡುವುದು ಬೇರೆ. ಈ ವ್ಯತ್ಯಾಸ ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಆ ಪ್ರಯೋಗವನ್ನು ಊರಿಗೆಲ್ಲಾ ಹರಡುವ ಯೋಜನೆ ರಾಜ್ಯದ ನಗರ ಮೂಲಸೌಕರ್ಯ ನಿಗಮದ ಕೈಯಲ್ಲಿದೆ. ಹಾಗಾಗಿ ಪೈಪಿಗೆ ಅಗೆದು ಮುಚ್ಚದೆ ಹೋದ ಗುಂಡಿಯ ಬಗ್ಗೆ ಪಾಲಿಕೆಗೆ ಬರೆದರೂ, ಅದರ ಪ್ರತಿ ಆ ನಿಗಮದ ಸ್ಥಳೀಯ ಕಚೇರಿಗೂ ಹೋಗಬೇಕು.

ಪತ್ತೆ ಮಾಡುವುದು ಹೇಗೆ? ಕಾಮಗಾರಿ ಜಾಗದಲ್ಲಿ ಫಲಕ ಇರಬೇಕು. ಕೆಲಸದ ಹೆಸರು, ಮೊತ್ತ, ಗುತ್ತಿಗೆದಾರ, ಯಾವ ಅನುದಾನ, ಮುಗಿಸುವ ದಿನ, ಎಲ್ಲಾ ಅದರಲ್ಲಿ ಬರೆದಿರಬೇಕು. ಕಂಡ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ. ಫಲಕವೇ ಇಲ್ಲದಿದ್ದರೆ ನಿಮ್ಮ ಮೊದಲ ದೂರು ಅದರ ಬಗ್ಗೆಯೇ ಇರಲಿ.

ಇದಕ್ಕೆಲ್ಲಾ ಯಾವ ಕಾನೂನು?

ಮುಖ್ಯವಾಗಿ ಎರಡು. ಪಾಲಿಕೆ ನಡೆಯುವುದು 1976ರ ಕರ್ನಾಟಕ ನಗರಪಾಲಿಕೆಗಳ ಕಾಯ್ದೆಯ ಪ್ರಕಾರ. ಯಾದಗಿರಿಯಂಥ ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ. ಖರೀದಿ ಮತ್ತು ಗುತ್ತಿಗೆಗೆ ಎಲ್ಲರಿಗೂ ಒಂದೇ: 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಮತ್ತು ಅದರ 2000ದ ನಿಯಮಗಳು. ಕಚೇರಿಯಲ್ಲಿ ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. ನೀವೂ ಹಾಗೇ ಅನ್ನಿ, ಎದುರಿನವರು ತಕ್ಷಣ ಕುರ್ಚಿ ತೋರಿಸುತ್ತಾರೆ.

ಒಂದು ಕೆಲಸ ಟೆಂಡರ್‌ಗೆ ಬರುವ ಮೊದಲು ಏನೇನು ಆಗುತ್ತದೆ?

ವಾರ್ಡಿನಿಂದ ಬೇಡಿಕೆ ಹೋಗುತ್ತದೆ. ಕಿರಿಯ ಎಂಜಿನಿಯರ್ ಜಾಗ ನೋಡಿ ಅಂದಾಜುಪಟ್ಟಿ ಮಾಡುತ್ತಾರೆ. ಪ್ರತಿ ಕೆಲಸಕ್ಕೂ ಸರ್ಕಾರದ ದರಪಟ್ಟಿ ಇದೆ, ಅದಕ್ಕೆ ಎಸ್.ಆರ್. ಅನ್ನುತ್ತಾರೆ. ಅದರ ಪ್ರಕಾರ ಲೆಕ್ಕ ಹಾಕುತ್ತಾರೆ. ಆಮೇಲೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ. ಮೊತ್ತ ಒಂದು ಮಿತಿಯೊಳಗಿದ್ದರೆ ಆಯುಕ್ತರೇ ಒಪ್ಪುತ್ತಾರೆ. ಜಾಸ್ತಿಯಾದರೆ ಸ್ಥಾಯಿ ಸಮಿತಿ, ಪರಿಷತ್ತು, ಇನ್ನೂ ದೊಡ್ಡದಾದರೆ ಸರ್ಕಾರ.

ಅಂದಾಜುಪಟ್ಟಿಯನ್ನು ಯಾರೂ ಓದುವುದಿಲ್ಲ. ಆದರೆ ಕೆಲಸ ಕೆಡುವುದು ಎಷ್ಟೋ ಸಲ ಅಲ್ಲಿಂದಲೇ. ನಮ್ಮದು ಎರೆ ಮಣ್ಣಿನ ನೆಲ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತದೆ. ಆ ಮಣ್ಣನ್ನು ತೆಗೆದು ಮುರುಮ್, ಅಂದರೆ ಗರಸು ಮಣ್ಣು, ತುಂಬಿ ಗಟ್ಟಿ ಮಾಡುವ ಕೆಲಸ ಅಂದಾಜಿನಲ್ಲೇ ಇಲ್ಲದಿದ್ದರೆ, ಎಷ್ಟು ಪ್ರಾಮಾಣಿಕ ಗುತ್ತಿಗೆದಾರ ಬಂದರೂ ರಸ್ತೆ ಬಿರಿಯುತ್ತದೆ. ಅವನನ್ನು ಬೈದು ಏನು ಪ್ರಯೋಜನ? ಅವನಿಗೆ ಆ ಕೆಲಸ ಕೊಟ್ಟೇ ಇಲ್ಲ.

ಟೆಂಡರ್ ಎಲ್ಲಿ ನೋಡಬಹುದು?

ಕೆಪಿಪಿಪಿ ಪೋರ್ಟಲ್‌ನಲ್ಲಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್ ಅಂತ ಅದರ ಪೂರ್ತಿ ಹೆಸರು. ಜಿಲ್ಲಾ ಟೆಂಡರ್ ಬುಲೆಟಿನ್‌ನಲ್ಲೂ ಪ್ರಕಟವಾಗಬೇಕು. ಪೋರ್ಟಲ್‌ನಲ್ಲಿ ಟೆಂಡರ್ ಹುಡುಕಿ ನೋಡಲು ನೀವು ಗುತ್ತಿಗೆದಾರರೇ ಆಗಬೇಕಾಗಿಲ್ಲ.

ಕಡಿಮೆ ರೇಟ್ ಹಾಕಿದವರಿಗೇ ಕೊಡಬೇಕಾ? ಅದರಿಂದಲೇ ಕೆಲಸ ಕಳಪೆ ಆಗುತ್ತದೆ ಅಲ್ವಾ?

ಈ ಮಾತು ಎಲ್ಲಾ ಕಡೆ ಕೇಳುತ್ತೇನೆ. ಅರ್ಧ ಸರಿ.

ದೊಡ್ಡ ಕೆಲಸಗಳಿಗೆ ಎರಡು ಲಕೋಟೆ ಪದ್ಧತಿ ಇದೆ. ಮೊದಲ ಲಕೋಟೆಯಲ್ಲಿ ಅರ್ಹತೆ: ಹಿಂದೆ ಮಾಡಿದ ಕೆಲಸ, ವಹಿವಾಟು, ಯಂತ್ರ, ಲೈಸೆನ್ಸು. ಅದರಲ್ಲಿ ಪಾಸಾದವರ ಎರಡನೇ ಲಕೋಟೆ ಮಾತ್ರ ತೆಗೆಯುತ್ತಾರೆ. ಅದರಲ್ಲಿ ದರ ಇರುತ್ತದೆ. ಪಾಸಾದವರಲ್ಲಿ ಕಡಿಮೆ ಹಾಕಿದವರು ಎಲ್-1. ಈಗ ಲಕೋಟೆ ಅಂದರೆ ಕಾಗದದ್ದಲ್ಲ, ಪೋರ್ಟಲ್ ಒಳಗಿನದು.

ಯಾರಾದರೂ ಅಂದಾಜಿಗಿಂತ ತೀರಾ ಕಡಿಮೆ ಹಾಕಿದರೆ ಪಾಲಿಕೆ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ದರದ ವಿಶ್ಲೇಷಣೆ ಕೇಳಬಹುದು, ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಿಸಿಕೊಳ್ಳಬಹುದು. ಕಡಿಮೆ ದರ ಅಪಾಯ ಆಗುವುದು ಅಳೆಯುವವರು ಇಲ್ಲದಾಗ. ಸರಿಯಾಗಿ ಅಳೆದರೆ, ನಷ್ಟದ ದರ ಹಾಕಿದವನಿಗೆ ಅದರ ಬಿಸಿ ತಟ್ಟುತ್ತದೆ, ಮುಂದಿನ ಸಲ ಸರಿಯಾದ ದರ ಹಾಕುತ್ತಾನೆ. ಅಳೆಯದಿದ್ದರೆ ಜಾಸ್ತಿ ದರ ಕೊಟ್ಟರೂ ರಸ್ತೆ ತೆಳ್ಳಗೇ ಬರುತ್ತದೆ. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡಿದ್ದು ಇದೇ. ನಾವೆಲ್ಲಾ ಟೆಂಡರ್ ಯಾರಿಗೆ ಆಯಿತು ಅಂತ ನೋಡುತ್ತೇವೆ. ಅಳತೆ ಯಾರು, ಯಾವಾಗ ಮಾಡಿದರು ಅಂತ ಕೇಳುವುದೇ ಇಲ್ಲ.

ಟೆಂಡರ್ ಇಲ್ಲದೆ ಕೆಲಸ ಕೊಡಬಹುದಾ?

ಕೆಲವು ಸಂದರ್ಭದಲ್ಲಿ ಕೊಡಬಹುದು, ಕೆಟಿಪಿಪಿ ಕಾಯ್ದೆಯ 4ನೇ ಕಲಮಿನಲ್ಲಿ ಪಟ್ಟಿ ಇದೆ. ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪ ಅಥವಾ ತುರ್ತು ಪರಿಸ್ಥಿತಿ. ಒಬ್ಬರ ಹತ್ತಿರ ಮಾತ್ರ ಸಿಗುವ ವಸ್ತು. ಸರ್ಕಾರ ಆಗಾಗ ಬದಲಿಸುವ ಮಿತಿಯೊಳಗಿನ ಸಣ್ಣ ಖರೀದಿ. ಮತ್ತೆ 4-ಜಿ: ಸರ್ಕಾರವೇ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವುದು. ನಿರ್ಮಿತಿ ಕೇಂದ್ರ, ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದಂಥ ಸರ್ಕಾರಿ ಸಂಸ್ಥೆಗಳಿಗೆ ಕೆಲಸ ನೇರವಾಗಿ ಹೋಗುವುದು ಈ ದಾರಿಯಲ್ಲಿ. ಆ ನಿಗಮವನ್ನು ನಮ್ಮ ಕಡೆಯವರು ಇವತ್ತಿಗೂ ಲ್ಯಾಂಡ್ ಆರ್ಮಿ ಅಂತಲೇ ಕರೆಯುತ್ತಾರೆ, ಅದರ ಹಳೇ ಹೆಸರು ಅದು.

ಹಾಗೆ ಕೊಟ್ಟ ಕೆಲಸಕ್ಕೂ ಅಂದಾಜು ಇರುತ್ತದೆ, ಅಳತೆ ಇರುತ್ತದೆ. ಸರ್ಕಾರಿ ಸಂಸ್ಥೆ ಮಾಡುತ್ತಿದೆ ಅಂತ ನಾವು ಕೇಳುವುದನ್ನು ಬಿಡಬಾರದು.

ತುಂಡು ಗುತ್ತಿಗೆ ಅಂದರೆ ಏನು?

ಒಂದು ದೊಡ್ಡ ಕೆಲಸವನ್ನು ಟೆಂಡರ್ ಮಿತಿಯ ಕೆಳಗೆ ಬರುವಂತೆ ತುಂಡು ತುಂಡು ಮಾಡಿ ಕೊಡುವುದು. ಒಂದೇ ಚರಂಡಿ, ಕಾಗದದಲ್ಲಿ ಮೂರು: ಇವರ ಮನೆಯಿಂದ ಅವರ ಮನೆವರೆಗೆ, ಅಲ್ಲಿಂದ ಗುಡಿವರೆಗೆ, ಗುಡಿಯಿಂದ ಕಿರಾಣಿ ಅಂಗಡಿವರೆಗೆ. ಟೆಂಡರ್ ತಪ್ಪಿಸುವುದಕ್ಕೆ ಹೀಗೆ ಒಡೆಯುವುದು ತಪ್ಪು. ಒಂದೇ ಓಣಿಯಲ್ಲಿ, ಒಂದೇ ತಿಂಗಳಲ್ಲಿ, ಒಂದೇ ತರದ ಹಲವು ಸಣ್ಣ ಕೆಲಸ ಕಂಡರೆ ಲೆಕ್ಕ ಕೇಳಿ.

ಸಣ್ಣ ಗುತ್ತಿಗೆದಾರರಿಗೆ ಮೀಸಲಾತಿ ಇದೆಯಾ?

ಇದೆ. 2017ರಲ್ಲಿ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ಆಗಿ, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಕಾಮಗಾರಿ ಮೀಸಲಾಯಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ನಮ್ಮ ಭಾಗದಲ್ಲಿ ಇದರ ಬೆಲೆ ದೊಡ್ಡದು. ಗಾರೆ ಕೆಲಸದಲ್ಲಿ ತಲೆಮಾರಿನಿಂದ ಕೂಲಿಯಾಗಿದ್ದ ಮನೆಯ ಹುಡುಗರು ಇವತ್ತು ಸ್ವಂತ ಹೆಸರಿನಲ್ಲಿ ಟೆಂಡರ್ ಹಾಕುತ್ತಿದ್ದಾರೆ. ಆದರೆ ಹೆಸರು ಅವರದು, ಕೆಲಸ ಮಾಡುವವರು ಬೇರೆ ಅನ್ನುವಂತೆ ಆದರೆ ಅವರಿಗೆ ಸೇರಬೇಕಾದ್ದು ಮತ್ತೆ ಕೈತಪ್ಪಿದಂತೆ. ಅದನ್ನು ಸಹಿಸಬಾರದು.

ಎಂ.ಬಿ. ಎಂ.ಬಿ. ಅಂತೀರಿ. ಅದು ಏನು?

ಅಳತೆ ಪುಸ್ತಕ, ಇಂಗ್ಲಿಷಿನಲ್ಲಿ ಮೆಷರ್‌ಮೆಂಟ್ ಬುಕ್. ಈ ಬರಹದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಗುತ್ತಿಗೆದಾರನಿಗೆ ದುಡ್ಡು ಸಿಗುವುದು ಟೆಂಡರ್ ಗೆದ್ದಿದ್ದಕ್ಕಲ್ಲ, ಕೆಲಸ ಮಾಡಿದ್ದಕ್ಕೂ ಅಲ್ಲ. ಎಂ.ಬಿ.ಯಲ್ಲಿ ಎಷ್ಟು ಕೆಲಸ ಅಂತ ಬರೆದಿದೆಯೋ ಅಷ್ಟಕ್ಕೆ. ಕಿರಿಯ ಎಂಜಿನಿಯರ್ ಜಾಗದಲ್ಲಿ ನಿಂತು ಉದ್ದ, ಅಗಲ, ದಪ್ಪ ಅಳೆದು ಅದರಲ್ಲಿ ಬರೆಯಬೇಕು. ಮೇಲಿನ ಎಂಜಿನಿಯರ್ ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಅದರ ಮೇಲೆ ಬಿಲ್ ಆಗುತ್ತದೆ.

ಒಂದು ಲೆಕ್ಕ ಹಾಕೋಣ. ನಿಮ್ಮ ಓಣಿ 100 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ. ಕಾಂಕ್ರೀಟ್ ದಪ್ಪ 15 ಸೆಂಟಿಮೀಟರ್ ಇರಬೇಕು ಅಂತಿದೆ. ಗುಣಿಸಿದರೆ 52.5 ಘನ ಮೀಟರ್. ಈಗ ದಪ್ಪ 12 ಸೆಂಟಿಮೀಟರ್ ಮಾತ್ರ ಹಾಕಿದರು ಅಂದುಕೊಳ್ಳಿ. ಬರೀ 3 ಸೆಂಟಿಮೀಟರ್, ಎರಡು ಬೆರಳಿನ ಅಗಲ. ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಕಾಂಕ್ರೀಟ್ 42 ಘನ ಮೀಟರಿಗೆ ಇಳಿಯಿತು. ಐದರಲ್ಲಿ ಒಂದು ಪಾಲು ಹೋಯಿತು. ಎಂ.ಬಿ.ಯಲ್ಲಿ 15 ಅಂತ ಬರೆದರೆ ಆ ಐದನೇ ಪಾಲಿನ ದುಡ್ಡು ನಾವು ಸುಮ್ನೆ ಕೊಟ್ಟಂತೆ. ಮೇಲಿಂದ ರಸ್ತೆಯ ಆಯುಷ್ಯವೂ ಕಡಿಮೆ.

ಇದನ್ನು ಓಣಿಯವರು ಹಿಡಿಯಬಹುದು. ಎಂಜಿನಿಯರ್ ಆಗಬೇಕಾಗಿಲ್ಲ. ಸಿದ್ಧ ಕಾಂಕ್ರೀಟ್ ತರುವ ಮಿಕ್ಸರ್ ಗಾಡಿ ಒಂದಕ್ಕೆ ಸಾಮಾನ್ಯವಾಗಿ 6 ಘನ ಮೀಟರ್ ಹಿಡಿಯುತ್ತದೆ. 52.5 ಬೇಕಾದರೆ ಒಂಬತ್ತು ಗಾಡಿ ಬರಬೇಕು. ಏಳೇ ಬಂದರೆ ಕೇಳಿ. ನಮ್ಮ ಪಕ್ಕದ ಓಣಿಯಲ್ಲಿ ಒಬ್ಬ ಅಜ್ಜಿ ಬಾಗಿಲಲ್ಲಿ ಕೂತು ಗೋಡೆ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಗಾಡಿ ಎಣಿಸಿದರು. ಆ ಓಣಿಯ ರಸ್ತೆ ಇವತ್ತಿಗೂ ಚೆನ್ನಾಗಿದೆ. ಕಾಂಕ್ರೀಟ್ ಹಾಕುವ ಮೊದಲು ಅಂಚಿಗೆ ನಿಲ್ಲಿಸುವ ಹಲಗೆಯ ಎತ್ತರವನ್ನೂ ಟೇಪು ಹಿಡಿದು ನೋಡಬಹುದು. ಹಾಕಿದ ಮೇಲೆ ಅನುಮಾನ ಬಂದರೆ ಕೋರ್ ತೆಗೆಸಿ ಅಂತ ಬರೆದು ಕೊಡಿ. ರಸ್ತೆಯಲ್ಲಿ ದುಂಡಗೆ ಕೊರೆದು ತೆಗೆದ ತುಂಡು ದಪ್ಪವನ್ನೂ ಹೇಳುತ್ತದೆ, ಗಟ್ಟಿತನವನ್ನೂ ಹೇಳುತ್ತದೆ.

ನಮ್ಮ ಓಣಿಯ ಕಥೆಯಲ್ಲಿ ಆಗಿದ್ದು ಇದೇ. ಅಳತೆ ಪುಸ್ತಕದ ನಕಲು ತರಿಸಿದೆ. ಅದರಲ್ಲಿ ಎಲ್ಲಾ ಅಚ್ಚುಕಟ್ಟಾಗಿತ್ತು, ಸಹಿಗಳೂ ಇದ್ದವು. ಆದರೆ ಅಳತೆ ಮಾಡಿದ ದಿನ ಅಂತ ಬರೆದಿದ್ದ ತಾರೀಖು, ನಮ್ಮ ಓಣಿಯಲ್ಲಿ ಕಾಂಕ್ರೀಟ್ ಬಿದ್ದ ದಿನಕ್ಕಿಂತ ಮುಂಚಿನದು. ಮನೆಯ ಮದುವೆಯ ಫೋಟೊದಲ್ಲಿ ಆ ದಿನದ ಮಣ್ಣಿನ ರಸ್ತೆ ಕಾಣುತ್ತಿತ್ತು. ಆ ಫೋಟೊ ಹಚ್ಚಿ ಅರ್ಜಿ ಕೊಟ್ಟೆ. ಎರಡು ತಿಂಗಳ ಮೇಲೆ ಕೋರ್ ತೆಗೆಯಲು ಬಂದರು. ಠೇವಣಿ ತಡೆಹಿಡಿದು ಅರ್ಧ ರಸ್ತೆ ಮತ್ತೆ ಹಾಕಿಸಿದರು.

ಬೇಸಿಗೆಯಲ್ಲಿ ಹಾಕಿದ ಸಿಸಿ ರಸ್ತೆ ಯಾಕೆ ಪುಡಿ ಏಳುತ್ತದೆ?

ನೀರು ಕುಡಿಸದೇ ಇರುವುದರಿಂದ. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಬಿಸಿಲಿನಲ್ಲಿ ಮೇಲ್ಪದರದ ನೀರು ತಾಸುಗಳಲ್ಲಿ ಆರಿ ಹೋಗುತ್ತದೆ. ಭಾರತೀಯ ಮಾನಕ 456 ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿ ಒಣ ಹವೆಯಲ್ಲಿ ಕನಿಷ್ಠ 10 ದಿನ ಒದ್ದೆ ಇಡಬೇಕು. ಹಾರುಬೂದಿ ಬೆರೆತ ಸಿಮೆಂಟಿಗೆ ಇನ್ನೂ ಜಾಸ್ತಿ ದಿನ.

ಹಳೇ ಗೌಂಡಿಗಳಿಗೆ ಇದು ಚೆನ್ನಾಗಿ ಗೊತ್ತು. ರಸ್ತೆ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ, ಮಡಿ ಮಾಡಿ ನೀರು ನಿಲ್ಲಿಸುತ್ತಾರೆ. ಅಥವಾ ಒದ್ದೆ ಗೋಣಿಚೀಲ ಹಾಸುತ್ತಾರೆ. ಬೆಳಿಗ್ಗೆ ಒಂದು ಸಲ ಟ್ಯಾಂಕರ್ ಬಂದು ಚಿಮುಕಿಸಿ ಹೋದರೆ ಸಾಲದು. ಈ ನೀರಿನ ಖರ್ಚು ಗುತ್ತಿಗೆದಾರನ ದರದಲ್ಲೇ ಸೇರಿರುತ್ತದೆ. ಆದರೂ ಕುಡಿಯುವ ನೀರಿಗೇ ತತ್ವಾರ ಇರುವ ತಿಂಗಳಲ್ಲಿ ಕಾಂಕ್ರೀಟ್ ಹಾಕಿ, ಆಮೇಲೆ ನೀರಿಲ್ಲ ಅನ್ನುವುದು ಯಾವ ನ್ಯಾಯ? ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು ಅನ್ನುವ ಗಡಿಬಿಡಿಯಲ್ಲಿ ಎಷ್ಟೋ ಕೆಲಸ ಬೇಸಿಗೆಗೆ ಬಂದು ಬೀಳುತ್ತವೆ. ಕೆಲಸವನ್ನು ಮಳೆಗಾಲ ಮುಗಿದ ಕೂಡಲೇ, ದಸರಾ ದೀಪಾವಳಿ ಆಸುಪಾಸು ಶುರು ಮಾಡಿ ಅಂತ ವಾರ್ಡಿನಿಂದಲೇ ಒತ್ತಾಯ ಹೋಗಬೇಕು.

ಗುತ್ತಿಗೆದಾರರು ಬಿಲ್ ಆಗಿಲ್ಲ ಅಂತ ಕೆಲಸ ನಿಲ್ಲಿಸುತ್ತಾರೆ. ಅವರ ಮಾತು ನಿಜವಾ?

ಎಷ್ಟೋ ಸಲ ನಿಜ. ಅವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ ಆಗುತ್ತದೆ. ಸಣ್ಣ ಗುತ್ತಿಗೆದಾರ ಕಡಿ, ಮರಳು, ಸಿಮೆಂಟು ಉದ್ರಿ ತಂದಿರುತ್ತಾನೆ. ಕೂಲಿಯವರಿಗೆ ವಾರಕ್ಕೊಮ್ಮೆ ಬಟವಾಡೆ ಮಾಡಲೇಬೇಕು. ಬಿಲ್ ತಿಂಗಳುಗಟ್ಟಲೆ ನಿಂತರೆ ಬಡ್ಡಿ ಅವನ ತಲೆ ಮೇಲೆ. ಆ ಬಡ್ಡಿ ಕೊನೆಗೆ ಬರುವುದು ಎಲ್ಲಿಂದ? ಮುಂದಿನ ಟೆಂಡರಿನ ದರದಿಂದ, ಇಲ್ಲವೇ ನಮ್ಮ ರಸ್ತೆಯ ದಪ್ಪದಿಂದ.

ಬಿಲ್‌ನಿಂದ ಕಡಿತಗಳೂ ಇರುತ್ತವೆ. ಆದಾಯ ತೆರಿಗೆ, ಒಬ್ಬನೇ ಮಾಲೀಕನಾದರೆ ಶೇ. 1, ಕಂಪನಿಯಾದರೆ ಶೇ. 2. ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಜಿಎಸ್‌ಟಿ ಕಡಿತ ಶೇ. 2. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಸೆಸ್ ಶೇ. 1. ಮತ್ತೆ ಭದ್ರತಾ ಠೇವಣಿ.

ಸಾಮಾನು ಅಥವಾ ಸೇವೆ ಪೂರೈಸುವ ಸಣ್ಣ ಉದ್ಯಮಿಯಾಗಿ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಕಚೇರಿಗೂ ಇದು ಅನ್ವಯ. ಸಾಮಾನು ತಲುಪಿಸಿದ ದಿನ, ಬಿಲ್ ಕೊಟ್ಟ ದಿನ ಇನ್‌ವರ್ಡ್ ಮೊಹರು ಹಾಕಿಸಿಕೊಳ್ಳದಿದ್ದರೆ ಮಾತ್ರ ನಿಮ್ಮ 45 ದಿನ ಯಾವಾಗ ಶುರುವಾಯಿತು ಅಂತ ತೋರಿಸುವುದು ಕಷ್ಟ. ಮರೆಯಬೇಡಿ.

ಕಸ ಗುಡಿಸುವವರು ಗುತ್ತಿಗೆ ನೌಕರರಾ?

ಪೌರಕಾರ್ಮಿಕರ ವಿಷಯದಲ್ಲಿ ರಾಜ್ಯ ಸರ್ಕಾರ 2017ರ ಹೊತ್ತಿಗೆ ಗುತ್ತಿಗೆ ಪದ್ಧತಿ ಕೈಬಿಟ್ಟು, ಪಾಲಿಕೆಯಿಂದಲೇ ಸಂಬಳ ಕೊಡುವ ನೇರ ಪಾವತಿಗೆ ಬಂತು. 700 ಜನಸಂಖ್ಯೆಗೆ ಒಬ್ಬರು ಅನ್ನುವ ಲೆಕ್ಕವೂ ಇದೆ. ವರ್ಷಗಟ್ಟಲೆ ಹೋರಾಡಿ ಅವರು ಪಡೆದಿದ್ದು ಇದು. ಗಾಡಿ ಚಾಲಕರು, ಲೋಡರ್‌ಗಳು, ನೀರು ಬಿಡುವವರಂಥ ಎಷ್ಟೋ ಜನರಿಗೆ ಇನ್ನೂ ಏಜೆನ್ಸಿ ಮೂಲಕವೇ ಸಂಬಳ.

ಏಜೆನ್ಸಿ ಸಂಬಳ ಕೊಡದಿದ್ದರೆ ಪಾಲಿಕೆ ಕೈ ತೊಳೆದುಕೊಳ್ಳುವಂತಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಕಾಲದಿಂದಲೂ ನಿಯಮ ಸ್ಪಷ್ಟ: ಕೆಲಸ ಮಾಡಿಸಿಕೊಳ್ಳುವ ಮುಖ್ಯ ಮಾಲೀಕನೇ ಕಾರ್ಮಿಕರಿಗೆ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಏಜೆನ್ಸಿಯ ಬಿಲ್ ಪಾಸು ಮಾಡುವಾಗ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಕಟ್ಟಿದ ರಸೀದಿ, ಕಾರ್ಮಿಕರ ಖಾತೆಗೆ ಸಂಬಳ ಹೋದ ದಾಖಲೆ ನೋಡಲೇಬೇಕು. ಸೇವೆಯ ಗುತ್ತಿಗೆಯಲ್ಲಿ ಎಂ.ಬಿ. ಇಲ್ಲ. ಹಾಜರಾತಿಯೇ ಅಲ್ಲಿನ ಅಳತೆ. ಹತ್ತು ಗಾಡಿ ಅಂತ ಬಿಲ್ ಇದ್ದು ಬೀದಿಗೆ ಎಂಟು ಬಂದರೆ, ಅದೂ ತೆಳ್ಳಗಿನ ರಸ್ತೆಯಂಥದ್ದೇ. ಗಾಡಿ ಎಷ್ಟು ಓಡಿತು ಅಂತ ಮಾತ್ರ ನೋಡದೆ, ಯಾವ ಓಣಿಯ ಕಸ ಎತ್ತಿದರು ಅನ್ನುವುದಕ್ಕೆ ದುಡ್ಡು ಕಟ್ಟಿಹಾಕಬೇಕು. ನೀರಿನ ಪ್ರಯೋಗದಲ್ಲಿ ಮಾಡಿದ್ದು ಅದನ್ನೇ ಅಲ್ವಾ?

ಕೆಲಸ ಕೆಡಿಸಿದರೆ ಪಾಲಿಕೆ ಏನು ಮಾಡಬಹುದು?

ಒಪ್ಪಂದದಲ್ಲಿ ಅಸ್ತ್ರಗಳು ಸಾಕಷ್ಟಿವೆ. ತಡ ಮಾಡಿದರೆ ದಂಡ. ಕಳಪೆ ಭಾಗಕ್ಕೆ ಹಣ ಕಡಿತ, ಅಥವಾ ಕಿತ್ತು ಮತ್ತೆ ಮಾಡಿಸುವುದು. ಒಪ್ಪಂದ ರದ್ದು ಮಾಡಿ, ಉಳಿದ ಕೆಲಸವನ್ನು ಅವನ ಖರ್ಚಿನಲ್ಲೇ ಬೇರೆಯವರಿಂದ ಮಾಡಿಸುವುದು. ಭದ್ರತಾ ಠೇವಣಿ ಮುಟ್ಟುಗೋಲು. ಕೊನೆಗೆ ಕಪ್ಪುಪಟ್ಟಿ.

ಕಪ್ಪುಪಟ್ಟಿಗೆ ಹಾಕುವ ಮುನ್ನ ನೋಟಿಸ್ ಕೊಟ್ಟು ಅವನ ಮಾತು ಕೇಳಲೇಬೇಕು. ಇಲ್ಲದಿದ್ದರೆ ಆ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಲಬುರಗಿಯಲ್ಲೇ ಪೀಠ ಇದೆ, ಗುತ್ತಿಗೆದಾರರು ಸಂಜೆಯೊಳಗೆ ವಕೀಲರನ್ನು ಹಿಡಿಯುತ್ತಾರೆ. ಹಾಗಾಗಿ ನಮ್ಮ ದೂರು ಬರೀ ಸಿಟ್ಟಿನದಾಗಬಾರದು. ತಾರೀಖು, ಫೋಟೊ, ಅಳತೆ ಇರಬೇಕು. ಆಗ ಅಧಿಕಾರಿಯ ನೋಟಿಸಿಗೂ ಬಲ ಬರುತ್ತದೆ.

ಕಾರ್ಪೊರೇಟರ್ ತಾನೇ ಗುತ್ತಿಗೆ ಹಿಡಿಯಬಹುದಾ?

ಇಲ್ಲ. ಪಾಲಿಕೆಯ ಜೊತೆಗಿನ ಗುತ್ತಿಗೆಯಲ್ಲಿ ಸದಸ್ಯರಿಗೆ ಪಾಲು ಇದ್ದರೆ ಅವರು ಸದಸ್ಯತ್ವಕ್ಕೇ ಅನರ್ಹರಾಗುತ್ತಾರೆ. 1976ರ ಕಾಯ್ದೆಯಲ್ಲೇ ಇದೆ.

ಮಾಹಿತಿ ಹಕ್ಕಿನಲ್ಲಿ ಏನು ಕೇಳಬೇಕು?

ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಉದ್ದುದ್ದ ದೂರು ಬರೆಯಬೇಡಿ. ಕೆಲಸದ ಹೆಸರು ಹೇಳಿ ಇಷ್ಟು ಕೇಳಿ: ಅಂದಾಜುಪಟ್ಟಿ, ಕಾರ್ಯಾದೇಶ, ಒಪ್ಪಂದ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಪಾವತಿಯ ವಿವರ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿದರೆ ಕೊಡಬೇಕಾಗುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮಾಹಿತಿ ಹಕ್ಕು ಕಾಯ್ದೆಯ 2-ಜೆ ಕಲಮಿನಲ್ಲಿ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ಇದೆ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ನಮ್ಮ ಓಣಿಯಲ್ಲಿ ಅರ್ಜಿಯನ್ನು ಇಬ್ಬರು ಮೂವರ ಹೆಸರಿನಲ್ಲಿ ಬೇರೆ ಬೇರೆ ಹಾಕಿದೆವು. ಒಬ್ಬರೇ ಹಾಕಿದರೆ ಒತ್ತಡವೆಲ್ಲಾ ಅವರ ಮನೆ ಬಾಗಿಲಿಗೆ ಬರುತ್ತದೆ. "ಯಾಕ್ರೀ ಸುಮ್ನ ತ್ರಾಸ ಮಾಡ್ಕೋತೀರಿ" ಅಂತ ನನಗೂ ಹೇಳಿ ಹೋಗಿದ್ದಾರೆ.

ದೂರು ಎಲ್ಲಿ ಕೊಡಬೇಕು?

ಮೊದಲು ಪಾಲಿಕೆಯ ಆಯುಕ್ತರಿಗೆ ಲಿಖಿತವಾಗಿ, ಸ್ವೀಕೃತಿ ಪಡೆದು. ಪ್ರತಿ ಜಿಲ್ಲಾಧಿಕಾರಿಗೆ. ಲಂಚ ಅಥವಾ ಸುಳ್ಳು ಬಿಲ್ಲಿನ ವಿಷಯವಾದರೆ ಲೋಕಾಯುಕ್ತ. ಅಲ್ಲಿ ನಿಗದಿತ ನಮೂನೆ ಮತ್ತು ಪ್ರಮಾಣಪತ್ರ ಬೇಕು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಭ್ರಷ್ಟಾಚಾರದ ತನಿಖೆ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ. ಟೆಂಡರ್ ಹಾಕಿ ಅನ್ಯಾಯವಾದ ಗುತ್ತಿಗೆದಾರರಿಗೆ ಬೇರೆ ದಾರಿ: ಕೆಟಿಪಿಪಿ 16ನೇ ಕಲಮಿನ ಮೇಲ್ಮನವಿ, 30 ದಿನದೊಳಗೆ.

ನನ್ನದು ಸಣ್ಣ ಅಂಗಡಿ. ನಾನು ಟೆಂಡರ್ ಹಾಕಬಹುದಾ?

ಖಂಡಿತ. ಜಿಎಸ್‌ಟಿ, ಪ್ಯಾನ್, ಉದ್ಯಮ್ ನೋಂದಣಿ, ಡಿಜಿಟಲ್ ಸಹಿ ಮಾಡಿಸಿ ಪೋರ್ಟಲ್‌ನಲ್ಲಿ ನೋಂದಾಯಿಸಿ. ಸಿವಿಲ್ ಕಾಮಗಾರಿಗೆ ಲೋಕೋಪಯೋಗಿ ಇಲಾಖೆಯ ಲೈಸೆನ್ಸು ಬೇಕು. ಮೊದಲು ಸಣ್ಣ ಪೂರೈಕೆಯಿಂದ ಶುರು ಮಾಡಿ. ಮುಂಗಡ ಠೇವಣಿ ಎಷ್ಟು, ಕಾಗದ ಏನೇನು ಅಂತ ಎರಡು ಸಲ ಓದಿ. ಒಂದು ಪ್ರಮಾಣಪತ್ರ ಬಿಟ್ಟು ಹೋಗಿ ತಿರಸ್ಕೃತರಾದವರನ್ನು ತುಂಬಾ ನೋಡಿದ್ದೇನೆ.

ಕೆಲಸ ಮುಗಿದ ಮೇಲೆ ನಮ್ಮದೇನೂ ಇಲ್ಲ ಅಲ್ವಾ?

ಇದೆ. ಪ್ರತಿ ಕಾಮಗಾರಿಗೂ ದೋಷ ಹೊಣೆ ಅವಧಿ ಅಂತ ಒಂದಿದೆ. ಒಂದು ವರ್ಷವೋ ಎರಡೋ ಮೂರೋ, ಒಪ್ಪಂದದಲ್ಲಿ ಬರೆದಿರುತ್ತದೆ. ಅಲ್ಲಿವರೆಗೆ ಏನು ಕೆಟ್ಟರೂ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು. ಅವನ ಠೇವಣಿಯ ಒಂದು ಪಾಲು ಪಾಲಿಕೆಯ ಹತ್ತಿರವೇ ಇರುತ್ತದೆ. ಅವಧಿ ಮುಗಿದ ಮರುದಿನ ಅದೇ ಬಿರುಕು ಪಾಲಿಕೆಯ ಖರ್ಚು, ಅಂದರೆ ನಮ್ಮ ತೆರಿಗೆಯ ಖರ್ಚು.

ಅವಧಿ ಮುಗಿಯುವ ಎರಡು ತಿಂಗಳ ಮೊದಲು ಓಣಿಯವರು ನಾಲ್ಕು ಜನ ಸೇರಿ ರಸ್ತೆ ಉದ್ದಕ್ಕೂ ನಡೆಯಿರಿ. ಬಿರುಕು, ಗುಂಡಿ, ನೀರು ನಿಲ್ಲುವ ಜಾಗ, ಅಲುಗಾಡುವ ಚರಂಡಿ ಚಪ್ಪಡಿ, ಎಲ್ಲದರ ಫೋಟೊ ತೆಗೆದು ಪಟ್ಟಿ ಮಾಡಿ ಆಯುಕ್ತರಿಗೆ ಕೊಡಿ. ಇವನ್ನು ಸರಿಪಡಿಸುವವರೆಗೆ ಠೇವಣಿ ಬಿಡಬೇಡಿ ಅಂತ ಬರೆಯಿರಿ. ನಮ್ಮ ಓಣಿಯ ರಸ್ತೆಯ ತಾರೀಖನ್ನು ಮೂಲೆಮನೆಯ ಕರೆಂಟ್ ಮೀಟರ್ ಡಬ್ಬಿಯ ಬಾಗಿಲ ಒಳಗೆ ಬಣ್ಣದಲ್ಲಿ ಬರೆದಿಟ್ಟಿದ್ದೇವೆ. ಬಿಲ್ ಓದಲು ಬರುವ ಹುಡುಗನೂ ಈಗ ಬಾಗಿಲು ತೆಗೆದಾಗಲೆಲ್ಲಾ ಇನ್ನೆಷ್ಟು ದಿನ ಉಳಿದಿದೆ ಅಂತ ಕೇಳಿ ಹೋಗುತ್ತಾನೆ.